ಮೂರು ಹನಿ ಕಣ್ಣೀರಿನ ಕಾಯಿದೆ

ಒಂದು ರಾಜ್ಯ. ಅಲ್ಲೊಬ್ಬ ರಾಜ ಇದ್ದ. ಇದ್ದ ಅಂದೆ, ಆಳುತ್ತಿದ್ದ ಅನ್ನಲಿಲ್ಲ. ಸರಿಯಾಗಿ ಕೇಳಿಸಿಕೊಳ್ಳಿ. ಆಳುತ್ತಿದ್ದವನು ಅವನ ಮಂತ್ರಿ.

ರಾಜನ ಹೆಸರು ವೀರಮಲ್ಲ. ಹೆಸರಿನಲ್ಲಿ ವೀರನೂ ಇದ್ದ, ಮಲ್ಲನೂ ಇದ್ದ. ಮೈಯಲ್ಲಿ ಇಬ್ಬರೂ ಇರಲಿಲ್ಲ. "ನೆರೆಯ ರಾಜರು ಏನಂದುಕೊಂಡಾರು?" ಎಂದು ಬೆಳಿಗ್ಗೆ ಏಳುತ್ತಿದ್ದ, "ನೆರೆಯ ರಾಜರು ಏನಂದುಕೊಂಡಾರು?" ಎಂದು ಮಲಗುತ್ತಿದ್ದ. ನೆರೆಯ ರಾಜರಿಗೆ ಇಂಥವನೊಬ್ಬ ಇದ್ದಾನೆಂಬುದೇ ಗೊತ್ತಿರಲಿಲ್ಲ.

ಮಂತ್ರಿಯ ಹೆಸರು ಗುಣನಿಧಿ. ಅವನೊಂದು ಕಾಯಿದೆ ಪುಸ್ತಕ ಬರೆದಿದ್ದ. ಅರಮನೆಯಲ್ಲಿ ಹೇಗೆ ಕೂರಬೇಕು, ಹೇಗೆ ಆಕಳಿಸಬೇಕು, ಹೇಗೆ ಸೀನಬೇಕು, ಎಲ್ಲಕ್ಕೂ ಕಾಯಿದೆ. ಸೀನು ಬಂದವನು ಮೊದಲು ಪುಟ ತೆರೆದು ನೋಡಬೇಕು. ಅಷ್ಟರಲ್ಲಿ ಸೀನು ಬೇಸತ್ತು ಹೊರಟುಹೋಗುತ್ತಿತ್ತು. ಇದನ್ನೇ ಗುಣನಿಧಿ ನಾಗರಿಕತೆ ಎನ್ನುತ್ತಿದ್ದ.

ಒಂದು ದಿನ ರಾಜ ಬೇಟೆಗೆ ಹೋದ. ಮೊಲ ಅವನನ್ನು ನೋಡಿ ಓಡಲಿಲ್ಲ, ಕುದುರೆ ಓಡಿತು. ರಾಜ ಒಂದು ಕುರಿಹಟ್ಟಿಯ ಮುಂದೆ ಕೆಳಗೆ ಬಿದ್ದ. ಅಲ್ಲಿ ಮಾಳವ್ವ ಎಂಬ ಹುಡುಗಿ ಉಣ್ಣೆ ನೂಲುತ್ತಿದ್ದಳು. ಅವಳು ಬಿದ್ದವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಎಬ್ಬಿಸಿ ಕೂರಿಸಿ ಹಾಲು ಕೊಟ್ಟಳು. ಅದುವರೆಗೆ ರಾಜನ ಮುಖ ನೋಡಿ ನಕ್ಕವರು ಯಾರೂ ಇರಲಿಲ್ಲ, ಬೆನ್ನು ನೋಡಿ ನಕ್ಕವರೇ ಎಲ್ಲ. ರಾಜನಿಗೆ ಅವಳು ಹಿಡಿಸಿಬಿಟ್ಟಳು. ಅವಳಿಗೂ ಈ ಪೆದ್ದ ಹಿಡಿಸಿದ. ಮದುವೆಯಾಯಿತು.

ಅರಮನೆಗೆ ಬಂದ ಮೊದಲ ದಿನ ಮಂತ್ರಿ ಅವಳ ಕಂಬಳಿ ಕಿತ್ತುಕೊಂಡ.

"ಇದರಲ್ಲಿ ಕುರಿಯ ವಾಸನೆ ಇದೆ, ಮಹಾರಾಣಿ."

"ಕುರಿ ಉಣ್ಣೀದು ಐತಲ್ರಿ. ಕುರಿ ವಾಸನೀನ ಬರಬೇಕು. ಮಲ್ಲಿಗಿ ವಾಸನಿ ಬಂದ್ರ ನೇಯ್ದಾಂವ ಮೋಸ ಮಾಡ್ಯಾನ ಅಂತ ತಿಳೀರಿ."

ಕಂಬಳಿ ಹೋಯಿತು. ಎರಡನೇ ದಿನ ಮಾತು ಹೋಯಿತು. ಬರುತ್ತೇನೆ ಎನ್ನಬಾರದು, ಆಗಮಿಸುವೆ ಎನ್ನಬೇಕು. ಹೋಗುತ್ತೇನೆ ಎನ್ನಬಾರದು, ನಿರ್ಗಮಿಸುವೆ ಎನ್ನಬೇಕು. ಮಾಳವ್ವ ಗಂಡನಿಗೆ, "ಉಣ್ಣಾಕ ಆಗಮಿಸ್ರಿ, ಸಾರು ನಿರ್ಗಮಿಸಾಕ ಹತ್ತೈತಿ" ಎಂದಳು. ಮೂರನೇ ದಿನ ಅವಳ ಜನರಿಗೆ ಹೊರಬಾಗಿಲೇ ಗಡಿ ಎಂದು ಕಾಯಿದೆಯಾಯಿತು. ಮಾಳವ್ವ ಅದನ್ನೂ ನುಂಗಿಕೊಂಡಳು. ಹುಡುಗಿ ಗಟ್ಟಿ. ಗಂಡನ ಮೇಲೆ ಪ್ರೀತಿಯೂ ಇತ್ತು.

ಒಂದು ವರುಷ ಕಳೆಯಿತು. ಒಂದು ಮಧ್ಯಾಹ್ನ ಅವಳ ಅಣ್ಣ ಬಂದು ಹೊರಬಾಗಿಲಲ್ಲಿ ನಿಂತ. "ತಂಗೀ, ಆಯಿ ಹೋದಳು. ನಿನ್ನೆ ಮಣ್ಣು ಮಾಡಿದ್ವಿ" ಎಂದ. ಆಯಿ ಅಂದರೆ ಅಜ್ಜಿ. ತಾಯಿಯಿಲ್ಲದ ಮಾಳವ್ವನನ್ನು ಎದೆಗವಚಿ ಸಾಕಿದವಳು.

ಈಗ ಕೇಳಿ. ಮಾಳವ್ವನ ಜನ ಸುಮ್ಮನೆ ಅಳುವವರಲ್ಲ. ಹಾಡಿಕೊಂಡು ಅಳುವವರು. ಸತ್ತವರ ಪಕ್ಕದಲ್ಲಿ ಕೂತು, ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವರ ಹೆಸರು ಹಿಡಿದು, ಅವರ ಗುಣವನ್ನೂ ಅವಗುಣವನ್ನೂ ಹೇಳಿಕೊಂಡು, ರಾಗ ತೆಗೆದು ಅಳುತ್ತಾರೆ. ಹೆಣಕ್ಕೆ ಬೈಯುತ್ತಾರೆ ಕೂಡ. ಬಿಟ್ಟುಹೋದವರಿಗೆ ಬೈಯದೆ ಇನ್ಯಾರಿಗೆ ಬೈಯಬೇಕು?

ಮಾಳವ್ವ "ನನ್ನ ಆಯೀ..." ಎಂದು ಬಾಯಿ ತೆರೆದಳು. ಮಂತ್ರಿ ಓಡಿ ಬಂದ. ಕೈಯಲ್ಲಿ ಪುಸ್ತಕ, ಹಿಂದೆ ಬೆಳ್ಳಿ ತಟ್ಟೆಯಲ್ಲಿ ರೇಷ್ಮೆ ವಸ್ತ್ರ.

"ಮಹಾರಾಣಿ! ಕಾಯಿದೆ ನಲವತ್ತು. ಅರಮನೆಯಲ್ಲಿ ದುಃಖಕ್ಕೆ ಮೂರು ಹನಿ ಕಣ್ಣೀರು. ಶಬ್ದವಿಲ್ಲ, ಮಾತಿಲ್ಲ. ಮಾತು ಸೇರಿಸಿ ಅತ್ತ ಅಧಿಕಾರಿ ಅಧಿಕಾರ ಬಿಡತಕ್ಕದ್ದು. ನಂತರ ಈ ವಸ್ತ್ರದಿಂದ ಒರೆಸಿಕೊಳ್ಳತಕ್ಕದ್ದು."

ಮಾಳವ್ವ ಗಂಡನ ಕಡೆ ನೋಡಿದಳು. ಗಂಡ ನೆಲದ ಕಡೆ ನೋಡಿದ. "ನೆರೆಯ ರಾಜರು..." ಎಂದು ಗೊಣಗಿದ. ತೆರೆದ ಬಾಯಿ ಮುಚ್ಚಿತು. ಅಣ್ಣ ತಲೆಯ ಪಟಗ ಸರಿಮಾಡಿಕೊಂಡು ಹಿಂತಿರುಗಿದ.

ಅವತ್ತಿನಿಂದ ಮಾಳವ್ವ ಮಾತು ಬಿಟ್ಟಳು. ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು.

ಮಂತ್ರಿ ಮೊದಲು ವೈದ್ಯನನ್ನು ಕರೆಸಿದ. ವೈದ್ಯ "ಪಿತ್ತ" ಎಂದ, ಪುಡಿ ಕೊಟ್ಟ. ಗುಣವಾಗಲಿಲ್ಲ. ಆಮೇಲೆ ಮಾಂತ್ರಿಕನನ್ನು ಕರೆಸಿದ. ಅವನು "ಗಾಳಿ ಸೋಕಿದೆ" ಎಂದ, ತಾಯಿತ ಕಟ್ಟಿದ. ಗುಣವಾಗಲಿಲ್ಲ. ಕೊನೆಗೆ ವಿದೂಷಕನನ್ನು ಕರೆಸಿದ. ವಿದೂಷಕ ಕೋತಿಯಂತೆ ಕುಣಿದ, ಕತ್ತೆಯಂತೆ ಅರಚಿದ, ಮಂತ್ರಿಯಂತೆ ನಡೆದೂ ತೋರಿಸಿದ. ಮಾಳವ್ವ ಗೋಡೆ ನೋಡಿದಂತೆ ಅವನನ್ನು ನೋಡಿದಳು. ಆ ನೋಟಕ್ಕೆ ಅವನೂ ಮಂಕಾಗಿ ಪಕ್ಕದಲ್ಲೇ ಕೂತ. ಅವನಿಗೂ ಪುಡಿ ಕೊಡಬೇಕಾಯಿತು.

ಮೂವರಲ್ಲಿ ಒಬ್ಬನಾದರೂ "ಏನವ್ವಾ, ಏನಾಯಿತು?" ಎಂದು ಕೇಳಿದನೇ? ಇಲ್ಲ. ಕೇಳುವುದಕ್ಕೆ ಪುಸ್ತಕದಲ್ಲಿ ಪುಟವಿರಲಿಲ್ಲ.

ಆಗ ಮಂತ್ರಿ ರಾಜನ ಕಿವಿಯಲ್ಲಿ ಊದಿದ. "ಪ್ರಭು, ರಾಣಿಯವರಿಗೆ ಹುಚ್ಚು. ಕಾಡುಜನರ ರಕ್ತ, ಏನು ಮಾಡುವುದು? ಬರುವ ಸೋಮವಾರ ಅವರನ್ನು ಕೆರೆಯ ನಡುವಿನ ಮಂಟಪಕ್ಕೆ ಸೇರಿಸಿ ಬೀಗ ಹಾಕೋಣ. ತಾವು ನೆರೆಯ ರಾಜಕುಮಾರಿಯನ್ನು ವರಿಸಬಹುದು."

ರಾಜ ಅತ್ತಿತ್ತ ನೋಡಿ ತಲೆಯಾಡಿಸಿದ. ಇಂಥ ತಲೆಗಳಿಗೆ ಕಿರೀಟ ಇಡುವುದು ಅಲುಗಾಡದಿರಲಿ ಎಂದಿರಬೇಕು. ಆದರೂ ಅಲುಗಾಡುತ್ತವೆ.

ಅರಮನೆಯ ಅಡುಗೆಮನೆಯಲ್ಲಿ ಕಲ್ಲವ್ವ ಎಂಬ ಮುದುಕಿ ಇದ್ದಳು. ನಲವತ್ತು ವರ್ಷದಿಂದ ಅಲ್ಲಿ ಹಿಟ್ಟು ಬೀಸುವವಳು. ಮಂಟಪದ ಸುದ್ದಿ ಕಿವಿಗೆ ಬಿದ್ದದ್ದೇ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಮಾಳವ್ವನ ಪಕ್ಕ ಕೂತಳು.

"ಯಾಕ ಮಗಳ, ಎದಿಯಾಗ ಕಲ್ಲು ಕುಂತೈತೇನು?"

ಮಾಳವ್ವ ತಲೆಯಾಡಿಸಿದಳು.

"ಅತ್ತುಬಿಡು. ನಾನು ಬಾಗಿಲಾ ಮುಚ್ಚತೀನಿ."

ಆಗ ಮಾಳವ್ವ ಬಾಯಿಬಿಟ್ಟಳು. ನಲವತ್ತು ದಿನಕ್ಕೆ ಅವಳಾಡಿದ್ದು ಇದೊಂದೇ ಮಾತು. "ಒಬ್ಬಾಕಿನ ಹೆಂಗ ಅಳಲೇ ಎವ್ವಾ? ಎದುರಿಗೆ ಹೆಣ ಬೇಕು. ಕೂಡಿ ಅಳಾಕ ಹೆಣ್ಣಮಕ್ಕಳು ಬೇಕು. ಹೆಣ ಮಣ್ಣಾಗಿ ಹೋತು."

ಕಲ್ಲವ್ವ ಯೋಚಿಸಿದಳು. "ಹೆಣ ತಾನ? ಅರಮನ್ಯಾಗ ಭಾಳ ಅದಾವು. ಒಂದನ್ನ ಮಲಗಸ್ತೀನಿ ತಡಿ" ಎಂದಳು.

ನೇರ ಮಂತ್ರಿಯ ಮುಂದೆ ಹೋಗಿ ಕೈಮುಗಿದಳು.

"ಬುದ್ಧೀ, ನಿಮ್ಮ ಮೂರು ಹನಿ ಕಾಯಿದೆ ಭಾಳ ಚಂದ ಐತ್ರಿ. ಅಡಗಿಮನ್ಯಾಗ ಅದರದ್ದ ಮಾತು. ಆದರ ಒಂದ ಕೊರಗು. ನೀವು ಸತ್ತಾಗ ಈ ಅರಮನಿ ಎಷ್ಟ ಚಂದ ಅಳತೈತಿ ಅನ್ನೋದನ್ನ ನೋಡಾಕ ನೀವ ಇರೂದಿಲ್ಲಲ್ರಿ!"

ಗುಣನಿಧಿ ಮೀಸೆ ಮೇಲಿನ ಕೈ ತೆಗೆದ. ಇದು ಅವನಿಗೆ ಹೊಳೆದಿರಲಿಲ್ಲ.

"ಒಂದು ತಾಸು ಸತ್ತಂಗ ಮಲಗ್ರಿ. ನಾವು ದೊಡ್ಡಮಂತ್ರಿ ಹೋದ್ರು ಅಂತೀವಿ. ಮೊದಲು ನಿಮ್ಮ ಕಾಯಿದಿ ಪ್ರಕಾರ ದರಬಾರಿನವರು ಅಳಲಿ. ಆಮ್ಯಾಲ ನಮ್ಮಂಥಾ ದಡ್ಡರು ನಮ್ಮ ಪದ್ಧತಿಲೆ ಅಳತೀವಿ. ಯಾವುದು ಹೆಚ್ಚು, ಯಾವುದು ಕಡಿಮಿ, ನೀವ ಕೇಳ್ರಿ."

"ಭೇಷ್! ಆ ಕಾಡು ರೋದನ ಎಷ್ಟು ಅಸಹ್ಯವೆಂದು ಪ್ರಭುಗಳಿಗೂ ತಿಳಿಯಲಿ" ಎಂದ ಮಂತ್ರಿ. ತನ್ನ ಹೊಗಳಿಕೆ ಕೇಳಲು ಸಾಯುವವರನ್ನು ನೋಡಿದ್ದೇನೆ. ಇವನು ಸತ್ತೇ ಕೇಳಲು ಹೊರಟ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಟ್ಟ ಕಟ್ಟಿದರು. ಗುಣನಿಧಿ ಮಲಗಿ ಬಿಳಿ ಬಟ್ಟೆ ಹೊದ್ದುಕೊಂಡ. ಸುದ್ದಿ ಹೋಯಿತು. ಗುಟ್ಟು ಬಲ್ಲವಳು ಕಲ್ಲವ್ವ ಒಬ್ಬಳೇ.

ಮೊದಲು ಸೇನಾಪತಿ ಬಂದ. ಮೂರು ಹನಿ ಹಾಕಿದ, ವಸ್ತ್ರದಿಂದ ಒರೆಸಿಕೊಂಡ, "ಇವರ ಮನೆ ಯಾರಿಗೆ ಸಿಗುತ್ತದೆ? ಗಾಳಿ ಚೆನ್ನಾಗಿ ಬರುತ್ತದೆ" ಎಂದು ಕೇಳಿದ. ಆಮೇಲೆ ವೈದ್ಯ ಬಂದ. ಎರಡು ಹನಿ ಬಂತು, ಮೂರನೆಯದು ಬರಲಿಲ್ಲ. ಕಣ್ಣಿಗೆ ಬೆರಳು ತಿವಿದುಕೊಂಡು ಲೆಕ್ಕ ಮುಗಿಸಿದ. ಆಮೇಲೆ ರಾಜಗುರು ಬಂದ. ಹನಿ ಹಾಕಿ, "ಇವತ್ತು ಅಡುಗೆ ಏನು?" ಎಂದ. ಅರ್ಧ ಗಳಿಗೆಯಲ್ಲಿ ದರಬಾರಿನ ದುಃಖ ಮುಗಿಯಿತು. ಒಬ್ಬನೂ ಗುಣನಿಧಿಯ ಹೆಸರೆತ್ತಲಿಲ್ಲ. ಕಾಯಿದೆಯಲ್ಲಿ ಸತ್ತವರ ಹೆಸರಿಗೆ ಜಾಗವಿರಲಿಲ್ಲವಲ್ಲ.

ಬಟ್ಟೆಯ ಕೆಳಗೆ ಹೆಣ ಬೆವರಿತು.

ಆಗ ಕಲ್ಲವ್ವ ಬಂದಳು. ಜೊತೆಗೆ ಕಸ ಗುಡಿಸುವವರು, ನೀರು ಹೊರುವವರು, ಬಟ್ಟೆ ಒಗೆಯುವವರು. ಚಟ್ಟದ ಸುತ್ತ ನೆಲದ ಮೇಲೆ ಕೂತರು. ಕಲ್ಲವ್ವ ಎದೆಗೆ ಕೈಯಿಟ್ಟು ರಾಗ ತೆಗೆದಳು.

"ನನ್ನಪ್ಪಾ ಗುಣನಿಧೀ, ಸೀನಿದವರಿಗೂ ದಂಡ ಹಾಕಿದವನ! ನಗೂವಾಗ ಹಲ್ಲು ಎಣಿಸಿದವನ! ಬಿಸಿ ಅನ್ನಕ್ಕ ತುಪ್ಪ ಹಾಕಿದ್ರ ಮಗುವಿನಂಗ ಬೆರಳು ನೆಕ್ಕತಿದ್ಯಲ್ಲೋ, ಯಾರೂ ನೋಡಿಲ್ಲಂತ ತಿಳಿದಿದ್ದೆಲ್ಲೋ, ನಾ ನೋಡಿದ್ನೆಲ್ಲೋ! ಯಾ ತಾಯಿ ಹಡೆದಿದ್ಲೋ, ಯಾರ ಹೆಗಲ ಮ್ಯಾಲ ಆಡಿದ್ಯೋ, ಇಲ್ಲೊಬ್ಬಾಂವನ ಮಲಗೀಯಲ್ಲೋ!"

ಹೆಂಗಸರು ದನಿಗೂಡಿಸಿದರು. ಆ ರಾಗ ಗೋಡೆ ದಾಟಿ ಒಳಗೆ ಹೋಯಿತು. ಗೋಡೆಗೆ ಮುಖ ಮಾಡಿ ಕೂತಿದ್ದ ಮಾಳವ್ವ ಎದ್ದಳು. ಓಡಿ ಬಂದಳು. ಕಲ್ಲವ್ವನ ಕೊರಳಿಗೆ ಬಿದ್ದಳು. ಎದುರಿಗಿದ್ದದ್ದು ಮಂತ್ರಿಯ ಹೆಣ. ಆದರೆ ಬಾಯಿಂದ ಬಂದದ್ದು ಬೇರೆ.

"ನನ್ನ ಆಯೀ! ಚಳಿಗೆ ಕುರಿಮರೀನೂ ನನ್ನನ್ನೂ ಒಂದ ಸೆರಗಿನಾಗ ಕಟಗೊಂಡ ಮಲಗತಿದ್ದ್ಯಲ್ಲೇ! ನಶ್ಯಾ ಏರಿಸಿ ನನ್ನ ಮಾರಿ ಮ್ಯಾಲ ಸೀನತಿದ್ದ್ಯಲ್ಲೇ! ಮಮ್ಮಗಳ ಅರಮನಿ ನೋಡತೀನಿ ಅಂತ ಬಂದು ಹೊರಬಾಗಿಲಿಂದ ತಿರುಗಿ ಹ್ವಾದ್ಯಲ್ಲೇ, ಒಂದ ತಂಬಿಗಿ ನೀರು ಕೊಡಲಿಲ್ಲಲ್ಲೇ ನಾನು!"

ಇದು ಆ ಜನರ ಪದ್ಧತಿ. ಹೆಣ ಯಾರದೇ ಇರಲಿ, ಪ್ರತಿಯೊಬ್ಬರೂ ತಮ್ಮ ತಮ್ಮ ಸತ್ತವರಿಗೆ ಅಳುತ್ತಾರೆ. ಒಬ್ಬಳು ಮಗುವಿಗೆ ಅತ್ತಳು. ಒಬ್ಬಳು ಗಂಡನಿಗೆ ಅತ್ತಳು. ನಡುವೆ ಯಾರದೋ ಗಂಡು ದನಿ ಸೇರಿತು. "ಅಣ್ಣಾ! ಎಲೋ ನನ್ನ ಅಣ್ಣಾ! ತಿಗರಿ ತಿರುವಿ ನನಗ ಓದಸಿದೆಲ್ಲೋ! ಕುಂಬಾರನ ತಮ್ಮ ಅಂತ ಗೊತ್ತಾದೀತಂತ ನಿನ್ನ ಮಣ್ಣಿಗೂ ಬರಲಿಲ್ಲಲ್ಲೋ ನಾನು, ಇಪ್ಪತ್ತ ವರ್ಷ ಆತಲ್ಲೋ, ಬರಲಿಲ್ಲಲ್ಲೋ!"

ಯಾರದು? ಎಲ್ಲರೂ ಹುಡುಕಿದರು. ಅಳುತ್ತಿದ್ದದ್ದು ಹೆಣ.

ಸೇನಾಪತಿ ಕತ್ತಿ ಬಿಟ್ಟು ಓಡಿದ. ರಾಜಗುರು ಮಂತ್ರ ಮರೆತ. ಗುಣನಿಧಿ ಎದ್ದು ಕೂತು, ಬಿಳಿ ಬಟ್ಟೆಯಲ್ಲೇ ಮೂಗು ಸೀಟಿಕೊಂಡು ಅಳುತ್ತಿದ್ದ. ಎಷ್ಟು ಹನಿ ಎಂದು ಯಾರೂ ಎಣಿಸಲಿಲ್ಲ. ಕಲ್ಲವ್ವ ಅವನ ಬೆನ್ನು ಸವರಿದಳು.

"ಅಳಪ್ಪಾ, ಅಳು. ಇಪ್ಪತ್ತ ವರ್ಷದ್ದು ಐತಿ, ಲಗೂನ ಮುಗಿಯೂದಿಲ್ಲ. ಮುಗದ ಮ್ಯಾಲ ಹೇಳು, ಯಾರದು ಕಾಡು ರೋದನ?"

ಗುಣನಿಧಿ ಬಿಳಿ ಬಟ್ಟೆ ಸರಿಸಿ ಚಟ್ಟದಿಂದ ಇಳಿದ. ಅವನ ಕಾಯಿದೆಯಂತೆ ಮಾತು ಸೇರಿಸಿ ಅತ್ತವರು ಅಧಿಕಾರ ಬಿಡಬೇಕಿತ್ತು. ಮುದ್ರೆಯುಂಗುರ ತೆಗೆದು ಕಲ್ಲವ್ವನ ಕೈಗೆ ಕೊಟ್ಟ. ಅವಳು ಅದನ್ನು ಹಾಗೇ ರಾಜನಿಗೆ ಕೊಟ್ಟಳು. ಗುಣನಿಧಿ ಅವತ್ತೇ ಅಣ್ಣನ ಊರಿನ ದಾರಿ ಹಿಡಿದ.

ಮಾಳವ್ವ ಅತ್ತು ಅತ್ತು ಹಗುರಾದಳು. "ಹಸಿವಿ ಆಗೈತಿ" ಎಂದಳು. ಬೀಗ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ.

ರಾಜ ಅಲ್ಲೇ ಕಂಬಕ್ಕೆ ಆತುಕೊಂಡಿದ್ದ. ಮೆಲ್ಲಗೆ ಬಂದು ಹೆಂಗಸರ ನಡುವೆ ನೆಲದ ಮೇಲೆ ಕೂತ. "ಕಲ್ಲವ್ವಾ, ನಾನೂ ಅಳಬಹುದೇ?"

"ಯಾರಿಗ್ರಿ?"

"ನನ್ನ ತಾಯಿಗೆ. ನನಗಾಗ ಆರು ವರ್ಷ. ರಾಜಕುಮಾರರು ಅಳಬಾರದು ಎಂದರು."

ಮಾಳವ್ವ ಗಂಡನ ಕೈ ಹಿಡಿದಳು. "ಹೆಸರು ಹಿಡದು ಸುರು ಮಾಡ್ರಿ. ಹೆಸರು ಕರದರ ಉಳಿದದ್ದು ತಾನ ಬರತೈತಿ."

ರಾಜ ಬಾಯಿ ತೆರೆದ. ಅವನಿಗೆ ತಾಯಿಯ ಹೆಸರು ಗೊತ್ತಿರಲಿಲ್ಲ. ಪಟ್ಟಮಹಿಷಿ ಎಂದಷ್ಟೇ ಎಲ್ಲರೂ ಕರೆಯುತ್ತಿದ್ದರು. ಚಿತ್ರದ ಕೆಳಗೂ ಅಷ್ಟೇ ಬರೆದಿತ್ತು.

ಕಲ್ಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತುಂಗವ್ವ ಅಂತ ಇತ್ರೀ ಆಕಿ ಹೆಸರು. ಹೊಳಿ ದಂಡಿ ಅಂಬಿಗರಾಕಿ. ಬೀಸೂ ಕಲ್ಲಿನ ಮುಂದ ಬಂದು ಕುಂತು, ನನ್ನ ಹೆಸರ ಒಮ್ಮೆ ಕರೀ ಕಲ್ಲವ್ವಾ ಅಂತಿದ್ದಳ್ರಿ. ಕರೀತಿದ್ನಿ."

"ತುಂಗವ್ವಾ" ಎಂದ ರಾಜ. ಅಷ್ಟೇ ಅಂದದ್ದು. ಉಳಿದದ್ದು ತಾನೇ ಬಂತು. ಮಾಳವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನೆರೆಯ ರಾಜರು ಏನಂದುಕೊಂಡರೋ, ಯಾರೂ ಹೋಗಿ ಕೇಳಲಿಲ್ಲ.

ಕತೆಯ ನೀತಿ ಇಷ್ಟೇ, ನೆನಪಿಗೆ ಗಂಟು ಹಾಕಿಕೊಳ್ಳಿ. ಮನಸ್ಸಿನ ಭಾರ ಇಳಿಯುವುದು ತನ್ನ ಮಾತಿನಲ್ಲಿ, ತನ್ನ ರಾಗದಲ್ಲಿ, ತನ್ನವರ ನಡುವೆ. ಮನುಷ್ಯನಿಂದ ಅವನ ಜನರ ನಡೆನುಡಿ ಕಿತ್ತುಕೊಂಡು ಆಮೇಲೆ ಔಷಧಿ ಕೊಡುವವನು ವೈದ್ಯನಲ್ಲ, ಕಳ್ಳ. ನಿನ್ನ ಅಳು ನಾಚಿಕೆಗೇಡು ಎಂದು ಯಾರಾದರೂ ಹೇಳಿದರೆ ಹೆದರಬೇಡಿ, ಸಿಟ್ಟಾಗಿ. ಸಿಟ್ಟು ಇಳಿದ ಮೇಲೆ ಅವನ ಪಕ್ಕ ಕೂತು, "ನಿನ್ನ ಸತ್ತವರು ಯಾರಪ್ಪಾ?" ಎಂದು ಕೇಳಿ.

ಹೇಳುವವಳ ಬಾಯಿ ಒಣಗಿತು, ಕೇಳುವವರ ಕಿವಿ ತುಂಬಿತು. ಏಳಿ, ಮನೆಗೆ ಹೋಗಿ, ನಿಮ್ಮ ಅಜ್ಜಿಯ ಹೆಸರೇನೆಂದು ಕೇಳಿ.