ಫಕೀರಪ್ಪನ ಏರುದನಿ

ನನ್ನ ಅಕ್ಷರ ದುಂಡಗಿಲ್ಲ. ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಬರೆಯುತ್ತಿರುವುದು ಇದೇ ಮೊದಲು. ಮಾತು ಬಡವಾಗಿ ಕಂಡರೆ ಅದು ನನ್ನ ಕೊರತೆಯೇ ಹೊರತು ಕಥೆಯದಲ್ಲ ಎಂದು ತಿಳಿದು ಓದಬೇಕು.

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗುರುಸಿದ್ಧವ್ವ ಎಂಬ ಗುರುಮಾತೆ. ಎಲ್ಲರೂ ಅವರನ್ನು ಅವ್ವಾರು ಎನ್ನುತ್ತಿದ್ದರು.

ಅವರ ಶಿಷ್ಯ ಈರಭದ್ರ. ಆಶ್ರಮಕ್ಕೆ ಬರುವ ಮೊದಲು ಅವನು ಉಳ್ಳವರ ಮನೆಗಳಲ್ಲಿ ಹಾಡು ಕೇಳುವ ಯಂತ್ರಗಳನ್ನು ಜೋಡಿಸಿ ಕೊಡುತ್ತಿದ್ದ. ಕೈಯಲ್ಲಿ ವಿದ್ಯೆಯಿತ್ತು. ಇದೆಯೆಂಬುದು ಅವನಿಗೆ ಚೆನ್ನಾಗಿ ಗೊತ್ತೂ ಇತ್ತು.

ಒಂದು ಬೆಳಗ್ಗೆ ಸಂಗವ್ವ ಬಂದಳು. ಅವಳ ಗಂಡ ಫಕೀರಪ್ಪ ಮೂವತ್ತು ವರ್ಷ ಅದೇ ಆಶ್ರಮದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡಿದವನು. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನ ಒಂದೇ ಒಂದು ಪದ ಹಳೆಯ ಕ್ಯಾಸೆಟ್ಟಿನಲ್ಲಿ ಸಿಕ್ಕಿತ್ತು. ಈರಭದ್ರ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದ.

"ಮುಖ ಕಣ್ಣಾಗ ಐತ್ರಿ ಅವ್ವಾರ," ಎಂದಳು ಸಂಗವ್ವ. "ದನಿ ಮಾತ್ರ ದಿನಾ ಇಷ್ಟಿಷ್ಟ ಜಾರಾಕತ್ತೈತಿ. ಒಮ್ಮಿ ಕೇಳಿ ಗಟ್ಟಿ ಮಾಡ್ಕೋಬೇಕು."

ಕಲ್ಲಿನ ಪಡಸಾಲೆಯಲ್ಲಿ, ಭಕ್ತರೊಬ್ಬರು ತಮ್ಮ ಮನೆಯಿಂದ ತಂದುಕೊಟ್ಟ ಜೋಡಿ ಸ್ಪೀಕರುಗಳಿದ್ದವು. ಈರಭದ್ರ ಪದ ಹಚ್ಚಿದ.

ಸಂಗವ್ವ ಕಿವಿಗೊಟ್ಟು ಕೇಳಿದಳು. "ಅವನ ಖರೆ. ಆದ್ರ ಎದಿ ಇಲ್ಲದಾವ ಹಾಡಿದಂಗ ಕೇಳತೈತಲ್ಲೋ ಯಪ್ಪಾ."

"ಪದದ ತಪ್ಪಲ್ಲ ಯವ್ವಾ, ಈ ಪಡಸಾಲಿದು. ನೀವು ಕುಂತ ಜಾಗಾದಾಗ ದಪ್ಪ ಸ್ವರ ಎಲ್ಲಾ ನುಂಗಿಬಿಡತೈತಿ. ತಡೀರಿ, ಉಗುಳಸ್ತೀನಿ."

ಅವನು ಅಳತೆಯ ಮೈಕನ್ನು ಅವಳ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಪಡಸಾಲೆಯನ್ನು ಅಳೆಯುವ ಸದ್ದು ಹಚ್ಚಿದ. ಸ್ಪೀಕರು ಗುರುಗುಟ್ಟಿ, ಏರುತ್ತ ಏರುತ್ತ ಸಿಳ್ಳಿನಲ್ಲಿ ಕೊನೆಯಾಯಿತು.

"ಇದೇನೋ, ಬೆಕ್ಕಿಗೆ ಹೊಟ್ಟಿನೋವು ಬಂದಂಗ!" ಎಂದಳು ಸಂಗವ್ವ.

ಪರದೆಯ ಮೇಲೆ ಪಡಸಾಲೆಯ ಗುಣದೋಷಗಳೆಲ್ಲ ಒಂದು ಗೆರೆಯಾಗಿ ಮೂಡಿದವು. ಗೆರೆ ತಗ್ಗಿದಲ್ಲೆಲ್ಲ ಈರಭದ್ರ, ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ಏರಿಳಿಸುವ ಲ್ಯಾಪ್‌ಟಾಪಿನ ಈಕ್ವಲೈಜರಿನಲ್ಲಿ ಏರಿಸಿದ. ದಪ್ಪ ಸ್ವರವನ್ನಂತೂ ಎಂಟು ಡೆಸಿಬೆಲ್ ಏರಿಸಿದ.

ಪದ ಮತ್ತೆ ಮೊದಲಾಯಿತು. ಕೆಳಗಿನ ಸಾಲು ತುಂಬಿಕೊಂಡು ಬಂತು. ಸಂಗವ್ವ ಕಣ್ಣು ಮುಚ್ಚಿದಳು. ಈರಭದ್ರ, ಹೇಗಿದೆ ಎಂಬಂತೆ ಅವ್ವಾರ ಕಡೆ ನೋಡಿದ.

ಆಗ ಪದ ಏರಿತು. ಏರಿದಲ್ಲಿ ದನಿ ಕರಕರನೆ ಒಡೆಯಿತು.

ಸಂಗವ್ವ ಎರಡೂ ಕಿವಿ ಮುಚ್ಚಿಕೊಂಡಳು. "ನಿಂದ್ರಸೋ! ಅಂವಾ ಎಂದೂ ಹಿಂಗ ಒದರಿದಾವಲ್ಲ. ಇನ್ನೊಮ್ಮಿ ಕೇಳಿದ್ರ ಈ ಒಡಕು ದನಿನ ತಲ್ಯಾಗ ಕುಂದ್ರತೈತಿ. ಇದ್ದದ್ದೂ ಹೋಗತೈತಿ."

ಈರಭದ್ರನ ಮುಖ ಸಪ್ಪಗಾಯಿತು. ಸ್ಪೀಕರಿಗೆ ದನಿ ಕಳಿಸುವ ಆಂಪ್ಲಿಫೈಯರಿನ ತಿರುಗಣಿಯನ್ನು ತಗ್ಗಿಸಿ, "ಸಣ್ಣಗ ಮಾಡೀನಿ, ಈಗ ಕೇಳ್ರಿ," ಎಂದ.

ಪದ ಸಣ್ಣಗಾಗಿತ್ತು. ಸಣ್ಣಗೇ ಒಡೆಯಿತು.

"ಸಾಕು. ನೆನಪಿದ್ದಷ್ಟ ಇರಲಿ," ಎಂದು ಸಂಗವ್ವ ಚೀಲ ಎತ್ತಿಕೊಂಡು ಎದ್ದಳು.

ಅವ್ವಾರು ಮೂಲೆಯಲ್ಲಿ ಪ್ರಸಾದದ ಚುರುಮುರಿಯನ್ನು ಬುಟ್ಟಿಗೆ ತುಂಬುತ್ತಿದ್ದರು. "ಪ್ರಸಾದ ತಗೊಳ್ಳದ ಹೊಂಟೇನ ಸಂಗವ್ವಾ? ಕೂಡು," ಎಂದರು. ಆಮೇಲೆ ಶಿಷ್ಯನ ಕಡೆ ತಿರುಗಿದರು. "ನೀ ತಿದ್ದೂಕಿಂತ ಮೊದಲ ಆ ಏರು ಒಡದಿತ್ತೇನು?"

"ಇಲ್ರಿ."

"ಮತ್ತ ಈಗ?"

"ಸ್ಪೀಕರ್ ತಡಕೊಳ್ಳವಲ್ದು ಅನಸ್ತೈತ್ರಿ. ಅದಕ್ಕ ಸಣ್ಣ ಮಾಡಿದೆ."

"ಸಣ್ಣ ಮಾಡಿದ ಮ್ಯಾಲೂ ಒಡೀತು."



ಅವ್ವಾರು ಬುಟ್ಟಿಯ ಮೇಲೆ ಇನ್ನೆರಡು ಬೊಗಸೆ ಸುರಿದು ಶಿಖರ ಮಾಡಿದರು. "ಇದನ್ನ ತಲಿ ಮ್ಯಾಲೆ ಹೊತ್ತು ಜಪದ ಕೋಣಿಗೆ ಒಯ್ಯಿ."

ಜಪದ ಕೋಣೆಯ ಬಾಗಿಲು ತಗ್ಗು. ಬುಟ್ಟಿಯ ಅಂಚೇನೋ ಹೇಗೋ ಹೊಕ್ಕಿತು. ಮೇಲಿನ ರಾಶಿಯನ್ನು ಚೌಕಟ್ಟು ಸವರಿ ಹಾಕಿತು. ಚುರುಮುರಿ ಅವನ ಬೆನ್ನ ಮೇಲೆಲ್ಲ ಸುರಿಯಿತು.

"ಅಕ್ಕಿಕಾಳು ಬಿದ್ದಂಗಾತು! ಮದುವಿ ಯಾವಾಗೋ ಯಪ್ಪಾ?" ಎಂದು ಸಂಗವ್ವ ದುಃಖದ ನಡುವೆಯೂ ನಕ್ಕಳು.

"ಬುಟ್ಟಿ ಕೆಳಗ ಇಳಸು," ಎಂದರು ಅವ್ವಾರು.

ಇಳಿಸಿದ.

"ಶಿಖರ ತಿರುಗಿ ಬಂತೇನು?"

"ಇಳಿಸಿದ್ರ ಹ್ಯಾಂಗ ಬರತೈತ್ರಿ? ಅದು ಬಾಗಲದಾಗ ಹೋತಲ್ಲ..."

ಅವನು ಬುಟ್ಟಿಯನ್ನು ನೋಡಿದ. ಮೇಲ್ಭಾಗ ಕತ್ತರಿಸಿದಂತೆ ಮಟ್ಟವಾಗಿತ್ತು. ಆಮೇಲೆ ತಾನು ತಗ್ಗಿಸಿದ ಆ ತಿರುಗಣಿಯನ್ನು ನೋಡಿದ.

ಅವ್ವಾರು ಬುಟ್ಟಿಯನ್ನು ಮತ್ತೆ ತುಂಬಿ ಕೊಟ್ಟರು. ಈ ಸಲ ಅವನು ಬಾಗಿಲ ಈಚೆಗೇ ಬುಟ್ಟಿಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ದಾಟಿ, ಒಳಗೆ ಹೋಗಿ ಮತ್ತೆ ತಲೆಗೇರಿಸಿದ. ಒಂದು ಕಾಳೂ ಉದುರಲಿಲ್ಲ.

ಅಲ್ಲಿಂದ ನೇರವಾಗಿ ಲ್ಯಾಪ್‌ಟಾಪಿನ ಮುಂದೆ ಬಂದು ಕುಳಿತ. "ಇದರೊಳಗೂ ಒಂದು ಚೌಕಟ್ಟು ಐತ್ರಿ ಅವ್ವಾರ. ಪದ ಮೊದಲ ಅದರ ಮಟ್ಟಕ್ಕ ಬಂದಿತ್ತು, ಮ್ಯಾಲೆ ನಾ ಎಂಟು ಹೇರಿದೆ. ತುದಿ ಅಲ್ಲೇ ಕತ್ತರಿಸಿ ಹೋತು. ಹೊರಗ ಸಣ್ಣ ಮಾಡಿದ್ರ ಕತ್ತರಿಸಿದ್ದ ಸಣ್ಣಗ ಕೇಳತೈತಿ, ಅಷ್ಟ."

ಅವ್ವಾರು ಬಿದ್ದ ಚುರುಮುರಿಯನ್ನು ಗುಬ್ಬಿಗಳಿಗೆಂದು ಅಂಗಳಕ್ಕೆ ಗುಡಿಸುತ್ತಿದ್ದರು.

"ಯವ್ವಾ, ನೀವು ಹೊಳಿ ಕಡೆ ಹೋಗಿ ಬರ್ರಿ," ಎಂದ ಈರಭದ್ರ. "ಮೊದಲ ನಾ ಒಬ್ಬಾವ ಕೇಳ್ತೀನಿ. ಒಡೆದ್ರ ನನ್ನ ಕಿವ್ಯಾಗ ಒಡೀಲಿ."

ಸಂಗವ್ವ ಹೋದಳು. ಅವನು ಈಕ್ವಲೈಜರಿನಲ್ಲಿ ಏರಿಸಿದ್ದನ್ನು ಹಾಗೆಯೇ ಬಿಟ್ಟು, ಪದ ಅಲ್ಲಿಗೆ ಬರುವ ಮೊದಲೇ ಅದರ ಮಟ್ಟವನ್ನು ಎಂಟು ಡೆಸಿಬೆಲ್ ತಗ್ಗಿಸಿದ. ಮನಸ್ಸು ತಡೆಯದೆ ಇನ್ನೊಂದು ತಗ್ಗಿಸಿದ. ಹೀಗೆ ಮೆತ್ತಗಾದ ಪದವನ್ನು ಕಟ್ಟಕಡೆಗೆ ಆಂಪ್ಲಿಫೈಯರಿನಲ್ಲಿ ದೊಡ್ಡದು ಮಾಡಿದ.

ಪದ ಏರಿತು, ಏರಿದಲ್ಲಿ ನಿಂತಿತು, ಇಡಿಯಾಗಿಯೇ ಇಳಿಯಿತು.

ಅವಳನ್ನು ಕರೆಯಲು ಅವನು ತಿರುಗಿದ. ಸಂಗವ್ವ ಆಗಲೇ ಬಾಗಿಲಲ್ಲಿದ್ದಳು. ಪಾದಗಳಿಂದ ಹೊಳೆಯ ನೀರು ಇನ್ನೂ ಇಳಿಯುತ್ತಿತ್ತು.

"ಮತ್ತ ಹಚ್ಚು," ಎಂದಳು.

ತನ್ನ ಜಾಗದಲ್ಲಿ ಕುಳಿತು ಕೇಳಿದಳು. ಏರು ದಾಟಿತು. ಮುಂದಿನ ಸಾಲಿಗೆ ಮುನ್ನ ಫಕೀರಪ್ಪ ಸಣ್ಣಗೆ ಕೆಮ್ಮಿದ.

"ಇಲ್ಲೇ! ಇಲ್ಲೇ ಕೆಮ್ಮತಿದ್ದ ನನ್ನ ಮುದುಕ! ಎಷ್ಟ ಬೈದ್ರೂ ಬೀಡಿ ಬಿಡಲಿಲ್ಲ," ಎಂದು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಗಟ್ಟಿ ಆತ್ರಿ ಅವ್ವಾರ. ಇನ್ನ ಜಾರೂದಿಲ್ಲ."

ಈರಭದ್ರ ಗುರುವನ್ನು ನೋಡಿದ. ಜೀವಮಾನದಲ್ಲಿ ಒಂದು ಗುಂಡಿಯನ್ನೂ ಒತ್ತಿದವರಲ್ಲ. ಅವರ ಕೈಯಲ್ಲಿ ಈಗಲೂ ಕಸಬರಿಗೆಯಿತ್ತು. ಹನ್ನೆರಡು ವರ್ಷ ಕಲಿತ ವಿದ್ಯೆಯನ್ನು ಅವನು ಒಳಗೊಳಗೇ ಆ ಪಾದಗಳ ಬಳಿ ಇಟ್ಟ.

ಆದರೂ ಕೈಯ ಚಟ ಬಿಡಬೇಕಲ್ಲ. ಬೆರಳು ಮತ್ತೆ ಈಕ್ವಲೈಜರಿನ ಮೇಲೆ ಹೋಯಿತು.

"ಅವ್ವಾರ, ಆ ಏರಿನಾಗ ಇನ್ನೊಂಚೂರು ಏರಿಸಲೇನ್ರಿ? ಇನ್ನೂ ಚಂದ ಆಗತೈತಿ."

ಅವ್ವಾರು ಕಸಬರಿಗೆಯನ್ನು ಗೋಡೆಗೆ ಆನಿಸಿದರು.

"ಏರೂದು ಫಕೀರಪ್ಪನ ಕೆಲಸ, ತಮ್ಮಾ. ಜಾಗಾ ಬಿಡೂದು ನಿಂದು."

ಬರೆದುದರಲ್ಲಿ ತಪ್ಪಿದ್ದರೆ ಓದಿದವರು ಕ್ಷಮಿಸಬೇಕು.