ಒತ್ತು, ಬಿಡು

ಹೊಳೆದಂಡೆಯಲ್ಲೊಂದು ಆಶ್ರಮವಿತ್ತು ಎಂದು ಶುರುಮಾಡಿದರೆ ಕೇಳುವವರಿಗೆ ಹಿತ. ಆದರೆ ಅಲ್ಲಿದ್ದದ್ದು ತಗಡಿನ ಶೆಡ್ಡು. ಆಲದ ಮರವಿರಬೇಕಾದ ಕಡೆ ಹಳೆಯ ಟೈರುಗಳ ರಾಶಿ. ಗುರುಗಳ ಮುಂಗೈಗೆ ವಿಭೂತಿಯ ಬದಲು ಗ್ರೀಸು.

ಅವರ ಹೆಸರು ಜವರಪ್ಪ. ಮೈಸೂರು ಕಡೆ ಗರಡಿಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ಇವರನ್ನೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ರೇಸ್ ಬೈಕುಗಳಲ್ಲಿ ಹಳ್ಳ ಉಬ್ಬುಗಳ ಹೊಡೆತ ತಡೆಯುವ ಶಾಕು, ಫೋರ್ಕು ಹದ ಮಾಡುವುದರಲ್ಲಿ ಅವರದು ಎತ್ತಿದ ಕೈ.

ಅವರ ಹತ್ತಿರ ಕಲಿಯಲು ತೀರ್ಥೇಶ ಬಂದ. ವಯಸ್ಸು ಮೂವತ್ತು ದಾಟಿತ್ತು. ಊರಿನ ಗ್ಯಾರೇಜಿನಲ್ಲಿ ಹತ್ತು ವರ್ಷ ಬೈಕು ಬಿಚ್ಚಿ ಜೋಡಿಸಿ ಪಳಗಿದವನು. ಬರುವಾಗ ಹೊಸ ನೋಟ್‌ಬುಕ್ಕು, ಮೂರು ಬಣ್ಣದ ಪೆನ್ನು, ಜೊತೆಗೆ ಸಾಕಷ್ಟು ಹಮ್ಮನ್ನೂ ತಂದಿದ್ದ.

"ಎಲ್ಲಿಂದ ಶುರು ಮಾಡಲಿ ಉಸ್ತಾದ್?"

ಉಸ್ತಾದರು ಎದುರಿಗಿದ್ದ ಬೈಕಿನ ಸೀಟು ತೋರಿಸಿದರು. "ಒತ್ತು."

ತೀರ್ಥೇಶ ಎರಡೂ ಅಂಗೈ ಊರಿ ಒತ್ತಿದ. ಬೈಕಿನ ಹಿಂಭಾಗ ಕುಗ್ಗಿತು.

"ಬಿಡು."

ಬಿಟ್ಟ.

"ಏನಾಯ್ತು?"

"ಮೇಲೆ ಬಂತು."

"ಅದು ಹಾದೀಲಿ ಹೋಗೋರಿಗೂ ಕಾಣುತ್ತೆ. ಹೆಂಗೆ ಬಂತು?"

ಬೈಕು ಮೇಲೆ ಬರುವುದರಲ್ಲಿ ಹೆಂಗೆ ಎನ್ನುವುದೂ ಇರುತ್ತದೆ ಎಂದು ಅವನು ಯೋಚಿಸಿದವನೇ ಅಲ್ಲ.

"ನಾಳೆ ಬಾ," ಎಂದರು ಉಸ್ತಾದರು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಒತ್ತು, ಬಿಡು, ಹೆಂಗೆ ಬಂತು, ನಾಳೆ ಬಾ. ಎರಡು ತಿಂಗಳು ಹೀಗೇ ಕಳೆಯಿತು. ನೋಟ್‌ಬುಕ್ಕಿನಲ್ಲಿ ಒಂದು ಸಾಲೂ ಬೀಳಲಿಲ್ಲ. ಊರಿನ ಗೆಳೆಯರು ಫೋನ್ ಮಾಡಿ ಏನು ಕಲಿತೆ ಎಂದು ಕೇಳಿದರೆ ನೆಟ್‌ವರ್ಕ್ ಸರಿಯಿಲ್ಲ ಎಂದು ಕಟ್ ಮಾಡುತ್ತಿದ್ದ.

ಮೂರನೇ ತಿಂಗಳ ಒಂದು ಬೆಳಿಗ್ಗೆ ಸೀಟು ಒತ್ತಿ ಬಿಟ್ಟವನು ತನಗೇ ಗೊತ್ತಿಲ್ಲದೆ ಹೇಳಿದ. "ಇದು ಸೋಮಾರಿ ಉಸ್ತಾದ್. ನಿನ್ನೆ ಬಂದಿದ್ದ ಗಾಡಿ ಎಗರಿ ಎದ್ದಿತ್ತು."

ಉಸ್ತಾದರು ಫ್ಲಾಸ್ಕಿನಿಂದ ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿ ಅವನ ಕಡೆ ಸರಿಸಿದರು. ಎರಡು ತಿಂಗಳಲ್ಲಿ ಅವನಿಗೆ ಆ ಶೆಡ್ಡಿನಲ್ಲಿ ಸಿಕ್ಕ ಮೊದಲ ಟೀ ಅದು.

"ಕುಗ್ಗಿದ ಸ್ಪ್ರಿಂಗಿಗೆ ಏಳೋ ಆತುರ," ಎಂದರು. "ಶಾಕಿನೊಳಗಿರೋ ಎಣ್ಣೆ ಅದನ್ನ ತಡೆದು ನಿಧಾನಕ್ಕೆ ಏಳಿಸುತ್ತೆ. ಕೆಳಗಡೆ ಈ ಸ್ಕ್ರೂ ನೋಡು. ಬಿಗಿ ಮಾಡಿದಷ್ಟೂ ನಿಧಾನ ಏಳುತ್ತೆ, ಬಿಚ್ಚಿದಷ್ಟೂ ಬೇಗ ಏಳುತ್ತೆ. ತಿರುಗಿಸುವಾಗ ಟಿಕ್ ಟಿಕ್ ಅನ್ನುತ್ತಲ್ಲ, ಒಂದು ಟಿಕ್ಕಿಗೆ ಒಂದು ಕ್ಲಿಕ್ಕು."

"ಬೇಗ ಏಳೋದು ಒಳ್ಳೇದಲ್ವಾ?"

"ಮೇಲೆ ಕೂತೋರನ್ನ ಎತ್ತಿ ಒಗೆಯುತ್ತೆ."

"ಹಾಗಾದ್ರೆ ನಿಧಾನ ಏಳಲಿ."

"ಟ್ರ್ಯಾಕಲ್ಲಿ ಒಂದೇ ಉಬ್ಬು ಇದ್ದಿದ್ರೆ ಸರಿ. ಸಾಲಾಗಿ ನಾಲ್ಕಿದ್ರೆ? ಮೊದಲನೇದಕ್ಕೆ ಕುಗ್ಗಿದ್ದು ಪೂರ್ತಿ ಏಳೋಷ್ಟರಲ್ಲಿ ಎರಡನೇದು ಬಂದು ಇನ್ನಷ್ಟು ಕುಗ್ಗಿಸುತ್ತೆ. ನಾಲ್ಕನೇದರ ಹೊತ್ತಿಗೆ ಹಿಂದೆ ಪೂರ್ತಿ ಕುಸಿದು ಕೂತಿರುತ್ತೆ. ಆಗ ಮುಂದಿನ ಚಕ್ರ ಹಗುರ. ಗಾಡಿ ತಿರುವು ಬಿಟ್ಟು ಹೊರಗೆ ಓಡುತ್ತೆ."

ತೀರ್ಥೇಶ ನೋಟ್‌ಬುಕ್ಕು ತೆರೆದು ಅವಸರವಸರವಾಗಿ ಬರೆದುಕೊಂಡ. ಮೂರು ಬಣ್ಣದ ಪೆನ್ನೂ ಕೆಲಸಕ್ಕೆ ಬಂದವು.

ಕ್ಲಿಕ್ಕು ಎಣಿಸುವುದಕ್ಕೆ ಉಸ್ತಾದರದೊಂದು ಕಟ್ಟಳೆಯಿತ್ತು. ಮೊದಲು ಸ್ಕ್ರೂ ಪೂರ್ತಿ ಬಿಗಿ ಮಾಡಿ ಮುಚ್ಚಬೇಕು. ಆಮೇಲೆ ಬಿಚ್ಚುತ್ತಾ ಬಾಯಿಬಿಟ್ಟು ಎಣಿಸಬೇಕು. ಎಲ್ಲ ಮುಗಿದ ಮೇಲೆ ಸೀಟಿಗೆ ಅಂಗೈ ಊರಿ ಒತ್ತಿ ಬಿಡಬೇಕು.

"ಎಣಿಸಿದ್ದಾಯ್ತಲ್ಲ ಉಸ್ತಾದ್, ಮತ್ತೆ ಯಾಕೆ ಒತ್ತೋದು?" ಎಂದು ಒಮ್ಮೆ ಕೇಳಿದ.

"ಎಣಿಸಿದೋನು ನೀನಲ್ವಾ, ಅದಕ್ಕೆ."

ತೀರ್ಥೇಶನಿಗೆ ಇದು ಮುದುಕರ ಶಾಸ್ತ್ರದಂತೆ ಕಂಡಿತು. ನಂಬರು ಸರಿಯಿದ್ದರೆ ಸಾಕು ಎಂದುಕೊಂಡ. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ.

ರೇಸಿನ ದಿನ ಬಂತು. ಟ್ರ್ಯಾಕು ಹೊಳೆಯ ಆ ದಡಕ್ಕೇ ಇತ್ತು. ಬೆಳಿಗ್ಗೆ ಪ್ರಾಕ್ಟೀಸು, ಮಧ್ಯಾಹ್ನ ರೇಸು. ಬೈಕು ಓಡಿಸುವವಳು ಉಸ್ತಾದರ ಒಬ್ಬಳೇ ಮಗಳು ಯಮುನಾ. ಅವಳ ಬೈಕನ್ನು ಉಸ್ತಾದರು ಅಲ್ಲಿಯವರೆಗೆ ಬೇರೆಯವರ ಕೈಗೆ ಕೊಟ್ಟವರಲ್ಲ. ಅವತ್ತು ಸ್ಕ್ರೂಡ್ರೈವರನ್ನು ತೀರ್ಥೇಶನ ಕೈಗಿಟ್ಟರು.

"ಹಿಂದಿನ ಶಾಕು ಹದಿನಾಲ್ಕಕ್ಕೆ ಇಡು."

ತೀರ್ಥೇಶನ ಎದೆ ಉಬ್ಬಿತು. ಅಷ್ಟರಲ್ಲಿ ಪ್ರಾಕ್ಟೀಸಿನ ಹಾರನ್ನು ಕೂಗಿತು. ಹಿಂದಿನ ದಿನ ಆ ಶಾಕಿಗೆ ಎಣ್ಣೆ ಬದಲಾಯಿಸಿ ಸ್ಕ್ರೂ ಪೂರ್ತಿ ಬಿಚ್ಚಿಟ್ಟಿದ್ದರು. ಅದನ್ನು ಮುಚ್ಚಿ ಮತ್ತೆ ಬಿಚ್ಚುತ್ತಾ ಕೂರುವಷ್ಟು ತಾಳ್ಮೆ ಅವನಿಗಿರಲಿಲ್ಲ. ಇದ್ದಲ್ಲಿಂದಲೇ ತಿರುಗಿಸುತ್ತಾ ಹದಿನಾಲ್ಕು ಎಣಿಸಿದ. ಸೀಟಿಗೆ ಅಂಗೈ ಊರಲಿಲ್ಲ.

"ಒತ್ತಿ ನೋಡಿದೆಯಾ?" ಎಂದು ಉಸ್ತಾದರು ಆಚೆಯಿಂದ ಕೇಳಿದರು.

"ನೋಡಿದೆ ಉಸ್ತಾದ್."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳು ಎಂದು ಅವನಿಗೇ ಅನ್ನಿಸಲಿಲ್ಲ.

ಯಮುನಾ ಮೊದಲೆರಡು ಸುತ್ತು ನಿಧಾನಕ್ಕೆ ಹಾಕಿ, ಆಮೇಲೆ ವೇಗ ಏರಿಸಿದಳು. ಮೂರನೇ ಸುತ್ತಿನಲ್ಲಿ, ಸಾಲು ಉಬ್ಬುಗಳಿರುವ ದೊಡ್ಡ ತಿರುವಿನಲ್ಲಿ ಬೈಕು ಅವಳ ಮಾತು ಕೇಳದೆ ಹೊರಕ್ಕೆ ಓಡಿತು. ಟ್ರ್ಯಾಕಿನ ಅಂಚು ದಾಟಿ ಜಲ್ಲಿಗೆ ಇಳಿದು ಮಗುಚಿ ಬಿತ್ತು. ಧೂಳಿನಲ್ಲಿ ಏನೂ ಕಾಣಲಿಲ್ಲ.

ತೀರ್ಥೇಶ ಬೇಲಿಯ ಕಡೆ ಓಡಿದ.

ಧೂಳು ಇಳಿದಾಗ ಯಮುನಾ ಎದ್ದು ನಿಂತಿದ್ದಳು. ಏನೂ ಆಗಿಲ್ಲ ಎಂದು ಕೈ ಎತ್ತಿ ಬೀಸಿದಳು. ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ಪೂರ್ತಿ ಬರಲಿಲ್ಲ.

ಬೈಕನ್ನು ತಳ್ಳಿಕೊಂಡು ಬಂದರು. ಬ್ರೇಕ್ ಲಿವರ್ ಬಾಗಿತ್ತು, ಒಂದು ಬದಿ ತರಚಿತ್ತು. ಯಮುನಾ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಟೈರಿನ ಮೇಲೆ ಕೂತಳು.

"ಅಪ್ಪ, ಅಲ್ಲಿ ಗಾಡಿ ಹೊರಗೆ ಹೋಯ್ತು. ನಾನೇ ಬೇಗ ರೇಸ್ ಕೊಟ್ಟೆ ಅನ್ಸುತ್ತೆ."

ಉಸ್ತಾದರು ಸೀಟಿಗೆ ಅಂಗೈ ಊರಿ ಒತ್ತಿದರು. ಬಿಟ್ಟರು. ತೀರ್ಥೇಶನ ಮುಖ ನೋಡಿದರು. ಆಮೇಲೆ ಫ್ಲಾಸ್ಕು ಎತ್ತಿಕೊಂಡು ಹೊಳೆಯ ಕಡೆ ನಡೆದರು.

"ಟೈರು ತಣ್ಣಗಿತ್ತೇನೋ ಅಕ್ಕ," ಎಂದ ತೀರ್ಥೇಶ.

"ಮೂರನೇ ಸುತ್ತಿಗೆ ಎಂಥ ತಣ್ಣಗೆ," ಎಂದು ಅವಳು ಮುಖ ತೊಳೆಯಲು ಎದ್ದು ಹೋದಳು.

ಅವನು ಹೊಸ ಲಿವರ್ ಹಾಕಿದ. ಆಮೇಲೆ ಅತ್ತ ಇತ್ತ ನೋಡಿ ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಶಾಕಿನ ಸ್ಕ್ರೂ ಮುಚ್ಚುತ್ತಾ ಎಣಿಸಿದ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಗೆ ನಿಂತುಹೋಯಿತು.

ಹದಿನಾಲ್ಕಿರಬೇಕಾದ ಕಡೆ ಆರು. ಒಟ್ಟು ಇರುವುದೇ ಇಪ್ಪತ್ತು ಕ್ಲಿಕ್ಕು. ಬಿಚ್ಚಿದ ಕಡೆಯಿಂದ ಹದಿನಾಲ್ಕು ಎಣಿಸಿ ಶಾಕನ್ನು ಪೂರ್ತಿ ಸೋಮಾರಿ ಮಾಡಿಬಿಟ್ಟಿದ್ದ. ಬೈಕು ನಾಲ್ಕು ಉಬ್ಬುಗಳಲ್ಲಿ ಕುಸಿದು ಕೂತದ್ದು ಅವನ ಕಣ್ಣಿಗೆ ಕಟ್ಟಿತು.

ಈ ಸಲ ಮುಚ್ಚಿದ ಕಡೆಯಿಂದ ಬಾಯಿಬಿಟ್ಟು ಹದಿನಾಲ್ಕು ಎಣಿಸಿದ. ಅಂಗೈ ಊರಿ ಒತ್ತಿದ, ಬಿಟ್ಟ. ಬೈಕು ಎಗರದೆ, ತಡಮಾಡದೆ ಎದ್ದು ನಿಂತಿತು.

ಸರಿಹೋಯಿತಲ್ಲ ಎಂದುಕೊಂಡ. ಯಾರೂ ನೋಡಲಿಲ್ಲ. ಇನ್ನು ಹೇಳುವುದಾದರೂ ಏನಿದೆ? ಮಧ್ಯಾಹ್ನ ಬೈಕು ಚೆನ್ನಾಗೇ ಓಡುತ್ತದೆ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿರುವಾಗ ಯಮುನಾ ಬಂದಳು. ರೇಸಿನ ಚರ್ಮದ ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಿದ್ದಳು.

"ತೀರ್ಥ, ನಾನು ಮಧ್ಯಾಹ್ನ ಓಡಿಸಲ್ಲ. ಅಪ್ಪನಿಗೆ ನೀನೇ ಹೇಳಿಬಿಡು."

"ಯಾಕಕ್ಕ? ಗಾಡಿ ಸರಿ ಮಾಡಿದೀನಿ."

"ಗಾಡಿ ಮೊದಲೂ ಸರಿಯಾಗೇ ಇತ್ತು ಕಣೋ. ಅಪ್ಪ ನಿನ್ನ ಕೈಲಿ ಕೊಟ್ಟಿದಾರೆ ಅಂದ್ರೆ ಗಾಡಿ ಸರಿ ಇರುತ್ತೆ. ಕೆಟ್ಟಿರೋದು ನನ್ನ ಕೈ. ಎಂಟು ವರ್ಷದಿಂದ ಓಡಿಸ್ತಿದೀನಿ, ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗ್ತಿಲ್ಲ. ಗೊತ್ತಿಲ್ಲದೆ ಮತ್ತೆ ಅದೇ ತಿರುವಿಗೆ ಹೆಂಗೆ ಹೋಗ್ಲಿ?"

ತೀರ್ಥೇಶ ಅವಳ ಕೈ ನೋಡಿದ. ತಾನು ಬೈಕಿನಿಂದ ತೆಗೆದುಹಾಕಿದ ತಪ್ಪು ಈಗ ಅವಳ ಮೈಯಲ್ಲಿ ಹೋಗಿ ಕೂತಿದೆ ಎಂದು ಅವನಿಗೆ ಹೊಳೆಯಿತು. ಅದನ್ನು ಬಿಚ್ಚಲು ಯಾವ ಸ್ಕ್ರೂಡ್ರೈವರೂ ಆಗುತ್ತಿರಲಿಲ್ಲ.

"ಬನ್ನಿ ಅಕ್ಕ," ಎಂದ. "ಉಸ್ತಾದ್ ಹತ್ರ ಹೋಗೋಣ."

ಉಸ್ತಾದರು ಹೊಳೆದಂಡೆಯ ಕಲ್ಲಿನ ಮೇಲೆ ಕೂತಿದ್ದರು. ಲೋಟದಲ್ಲಿ ಟೀ ಹಾಗೇ ಇತ್ತು, ಕೆನೆ ಕಟ್ಟಿತ್ತು. ತೀರ್ಥೇಶ ಎದುರಿಗೆ ನಿಂತ.

"ಉಸ್ತಾದ್, ನಾನು ಸ್ಕ್ರೂ ಮುಚ್ಚದೇ ಎಣಿಸಿದೆ. ಹದಿನಾಲ್ಕಕ್ಕೆ ಇಡೋದು ಆರಕ್ಕೆ ಇಟ್ಟಿದ್ದೆ. ಒತ್ತಿ ನೋಡಿದೆ ಅಂದಿದ್ದೂ ಸುಳ್ಳು. ಈಗ ಯಾರಿಗೂ ಹೇಳದೆ ಸರಿ ಮಾಡ್ದೆ. ಅಕ್ಕ ಬಿದ್ದಿದ್ದು ನನ್ನಿಂದ."

ಕೆನ್ನೆಗೆ ಬೀಳುತ್ತದೆ ಎಂದು ಕಾಯುತ್ತಾ ನಿಂತ. ಬೀಳಲಿಲ್ಲ.

"ಆರಾ?" ಎಂದಳು ಯಮುನಾ.

"ಆರು, ಅಕ್ಕ."

"ಹಾಗಾದ್ರೆ ಹಿಂದೆ ಕುಸಿದು ಕೂತಿತ್ತು." ಅವಳು ಗಾಳಿಯಲ್ಲೇ ಹ್ಯಾಂಡಲ್ ಹಿಡಿದು ಆ ತಿರುವನ್ನು ಇನ್ನೊಮ್ಮೆ ಓಡಿಸಿ ನೋಡಿದಳು. "ಅದಕ್ಕೇ ಮುಂದೆ ಹಗುರ ಆಯ್ತು. ನಾನು ರೇಸ್ ಕೊಟ್ಟಿದ್ದು ಸರಿಯಾಗೇ ಇತ್ತು."

ಅವಳ ಮುಖದ ಬಿಗಿ ಸಡಿಲವಾಯಿತು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು.

"ಅಯ್ಯೋ ಪುಣ್ಯಾತ್ಮ, ಇದನ್ನ ಒಂದು ಗಂಟೆ ಮೊದಲೇ ಹೇಳೋಕೆ ನಿಂಗೇನಾಗಿತ್ತು? ನಿನ್ನ ಬಯ್ಯೋದು ಸಂಜೆಗಿರಲಿ, ಈಗ ಟೈಮಿಲ್ಲ." ಕೋಟಿಗೆ ತೋಳು ತೂರಿಸುತ್ತಾ ಅವಳು ಗಾಡಿಯ ಕಡೆ ಓಡಿದಳು.

ತೀರ್ಥೇಶ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ. ಬೆಳಗಿನಿಂದ ಅರ್ಧಕ್ಕೇ ನಿಂತಿದ್ದ ಉಸಿರು ಈಗ ಪೂರ್ತಿ ಆಚೆ ಬಂತು. ಹೇಳಿಬಿಡುವುದು ಇಷ್ಟು ಸುಲಭವಿತ್ತೇ ಎಂದು ಅವನಿಗೆ ಆಶ್ಚರ್ಯವಾಯಿತು, ನಾಚಿಕೆಯೂ ಆಯಿತು.

"ನಿಮಗೆ ಗೊತ್ತಿತ್ತಾ ಉಸ್ತಾದ್?"

"ಗಾಡಿ ಬಂದಾಗ ಒತ್ತಿದೆನಲ್ಲ."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಗಾಡಿ ಹೆಂಗೆ ಎದ್ದಿತು ಅಂತ ನೋಡಿಯಾಗಿತ್ತು. ನೀನು ಹೆಂಗೆ ಏಳ್ತೀಯ ಅಂತ ನೋಡಬೇಕಿತ್ತು."

"ನಾನು ಏಳದೇ ಇದ್ದಿದ್ರೆ?"

"ಹಾರನ್ ಕೂಗೋಕೆ ಮೊದಲು ನಾನೇ ಎದ್ದು ಹೋಗಿ ಹೇಳ್ತಿದ್ದೆ. ಮಗಳು ಕಣಯ್ಯ ಅವಳು." ಉಸ್ತಾದರು ತಣ್ಣಗಾದ ಟೀಯನ್ನು ಹೊಳೆಗೆ ಚೆಲ್ಲಿದರು. "ಒತ್ತಿದೆ ಅಂತ ನೀನಂದೆ, ನಂಬಿ ನಾನು ಒತ್ತಲಿಲ್ಲ. ಅಷ್ಟು ತಪ್ಪು ನಂದು."



ಮಧ್ಯಾಹ್ನ ರೇಸು ನಡೆಯಿತು. ಅವನು ಆ ದೊಡ್ಡ ತಿರುವಿನ ಬೇಲಿಯ ಹತ್ತಿರ ನಿಂತಿದ್ದ. ಯಮುನಾಳ ಬೈಕು ವಾಲಿಕೊಂಡು ಬಂತು. ಮೊದಲ ಉಬ್ಬಿಗೆ ಕುಗ್ಗಿತು, ಎದ್ದಿತು. ಎರಡನೆಯದಕ್ಕೆ ಕುಗ್ಗಿತು, ಎದ್ದಿತು. ಮೂರು. ನಾಲ್ಕು. ಬೈಕು ತಿರುವಿನಿಂದ ನೆಟ್ಟಗೆ ಹೊರಬಿದ್ದು ಕಣ್ಮರೆಯಾಯಿತು. ಅವನು ಬೇಲಿ ಹಿಡಿದ ಕೈ ಬಿಟ್ಟ.

ಹತ್ತು ಸುತ್ತಿನಲ್ಲೂ ಹೀಗೇ ಬಂದಳು. ನಾಲ್ಕನೆಯವಳಾಗಿ ಮುಗಿಸಿದಳು. ಬಹುಮಾನದ ಕಪ್ಪು ಬೇರೆ ಯಾರದೋ ಪಾಲಾಯಿತು. ಆದರೆ ಹೆಲ್ಮೆಟ್ಟು ತೆಗೆದಾಗ ಅವಳ ಮುಖ ನೋಡಿದವರು ಗೆದ್ದವಳು ಇವಳೇ ಎಂದುಕೊಳ್ಳಬೇಕು, ಹಾಗಿತ್ತು. ತೀರ್ಥೇಶನನ್ನು ಕಂಡವಳೇ ಮಾತು ಕೊಟ್ಟಂತೆ ಚೆನ್ನಾಗಿ ಬಯ್ದಳು. ಬಯ್ದು ಮುಗಿಸಿ, ಗಾಡಿ ಬಲು ಚೆನ್ನಾಗಿತ್ತು ಎಂದಳು.

ಎಲ್ಲ ಸಾಮಾನು ಶೆಡ್ಡಿಗೆ ತಂದಿಟ್ಟ ಮೇಲೆ ತೀರ್ಥೇಶ ಸ್ಕ್ರೂಡ್ರೈವರನ್ನು ಒರೆಸಿ ಉಸ್ತಾದರ ಮುಂದಿಟ್ಟ.

"ಇನ್ನು ಅಕ್ಕನ ಗಾಡಿ ನಾನು ಮುಟ್ಟಲ್ಲ ಉಸ್ತಾದ್. ಗುಡಿಸಿಕೊಂಡು, ಪಾರ್ಟ್ಸ್ ತೊಳ್ಕೊಂಡು ಇರ್ತೀನಿ."

"ಮುಂದಿನ ರೇಸು ಯಾವಾಗ?"

"ಹದಿನೈದು ದಿನಕ್ಕೆ."

"ಎದ್ದು ನಿಲ್ಲು."

ನಿಂತ. ಉಸ್ತಾದರು ಅವನ ಎರಡೂ ಹೆಗಲಿಗೆ ಅಂಗೈ ಊರಿ ಒತ್ತಿದರು. ಅವನ ಮೊಣಕಾಲು ಬಾಗಿ ಮೈ ಕುಗ್ಗಿತು. ಬಿಟ್ಟರು. ತೀರ್ಥೇಶ ನಿಧಾನಕ್ಕೆ ಎದ್ದ. ಬೆನ್ನು ನೆಟ್ಟಗಾಯಿತು, ತಲೆ ಮಾತ್ರ ಬಗ್ಗಿಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅದೂ ಮೇಲೆ ಬಂತು.

ಉಸ್ತಾದರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸ್ಕ್ರೂಡ್ರೈವರನ್ನು ಎತ್ತಿ ಮತ್ತೆ ಅವನ ಕೈಗೇ ಕೊಟ್ಟರು.

"ನಿಂದು ಇನ್ನೆರಡು ಕ್ಲಿಕ್ಕು ಬಿಚ್ಚಬೇಕು," ಎಂದರು.