ಗುಂಡಕ್ಕನ ಎಣ್ಣೆಸ್ನಾನ

ಬನ್ನಿ ಮಕ್ಕಳೇ, ಕೂತುಕೊಳ್ಳಿ. ನನಗೂ ಇವತ್ತು ಮೈಕೈಯೆಲ್ಲ ನೋವು, ಮಾತಾಡಲೂ ಬೇಜಾರು. ಆದರೂ ಹೇಳುತ್ತೇನೆ. ಇದು ಸುಸ್ತಾದವಳೊಬ್ಬಳ ಕತೆ, ಹಾಗಾಗಿ ಸುಸ್ತಾದವರೇ ಹೇಳಿದರೆ ಚೆನ್ನ.

ಒಂದು ದೊಡ್ಡ ಕೆರೆ ಇತ್ತು. ಅದರ ನಟ್ಟನಡುವೆ ಒಂದು ನಡುಗಡ್ಡೆ. ದಡದ ಜೊಂಡುಹುಲ್ಲಿನಲ್ಲಿ ಇಪ್ಪತ್ತು ಬಾತುಗಳು ಸಂಸಾರ ಹೂಡಿದ್ದವು. ಅವುಗಳಲ್ಲಿ ಒಬ್ಬಳು ಗುಂಡಕ್ಕ. ಒಂಬತ್ತು ಮರಿಗಳನ್ನು ಹದ್ದಿನ ಕಣ್ಣು ತಪ್ಪಿಸಿ ಸಾಕಿ, ಈಗಷ್ಟೇ ಅವುಗಳ ಪಾಡಿಗೆ ಅವುಗಳನ್ನು ಬಿಟ್ಟಿದ್ದಳು. ಪಾಪ, ಹೈರಾಣಾಗಿ ಹೋಗಿದ್ದಳು.

ಬಾತುಗಳಿಗೆ ದಿನಾ ಒಂದು ಕೆಲಸವಿದೆ. ಬಾಲದ ಬುಡದಲ್ಲಿ ಕಡಲೆಕಾಳಿನಷ್ಟು ಗಂಟೊಂದು ಇರುತ್ತದೆ. ಅದರಲ್ಲಿ ದಿನಕ್ಕೆ ಒಂದೆರಡು ಹನಿ ಎಣ್ಣೆ ಊರುತ್ತದೆ. ಅದನ್ನು ಕೊಕ್ಕಿನಿಂದ ಒತ್ತಿ ತೆಗೆದು ಒಂದೊಂದೇ ಗರಿಗೆ ಸವರಬೇಕು. ಸವರಿದರೆ ನೀರು ಮೈಗೆ ಹತ್ತದೆ ಜಾರಿ ಹೋಗುತ್ತದೆ. ಎದೆ, ಹೊಟ್ಟೆ, ಬೆನ್ನು, ಮತ್ತೆ ಎದೆ. ಅಬ್ಬಬ್ಬಾ, ಹೇಳುವಾಗಲೇ ನನ್ನ ಕತ್ತು ಹಿಡಿದುಕೊಳ್ಳುತ್ತಿದೆ.

"ಇವತ್ತೊಂದಿನ ಬಿಟ್ಟರೆ ಏನಾಗುತ್ತೆ?" ಎಂದಳು ಗುಂಡಕ್ಕ ಒಂದು ಬೆಳಿಗ್ಗೆ. ಏನೂ ಆಗಲಿಲ್ಲ. ಮಾರನೇ ದಿನವೂ ಬಿಟ್ಟಳು. ಹೀಗೇ ಒಂದು ತಿಂಗಳು ಕಳೆಯಿತು. ಈಗ ನೀರಿಗಿಳಿದರೆ ಹೊಟ್ಟೆ ತೊಯ್ದು ಚಳಿ ಹತ್ತುತ್ತಿತ್ತು. ಚಳಿಗೆ ನಿದ್ದೆ ಬಾರದು, ನಿದ್ದೆಯಿಲ್ಲದೆ ಇನ್ನಷ್ಟು ಸುಸ್ತು, ಸುಸ್ತಾದ್ದಕ್ಕೆ ಎಣ್ಣೆ ಸವರುವುದು ಇನ್ನೂ ಬೇಜಾರು.

ಪಕ್ಕದಲ್ಲೇ ನಂಜವ್ವ ಎಂಬ ಮುದಿ ಬಾತು ಇದ್ದಳು. ಮಾತು ಕಮ್ಮಿ, ಆಡಿದರೆ ಸ್ವಲ್ಪ ಒರಟು.

"ಗುಂಡಿ, ಬೇಸಿಗೆ ಬಂತು. ನೀರು ಇಳಿದು ಜೊಂಡು ಒಣಗುತ್ತಿದೆ. ಇನ್ನು ಇಲ್ಲಿಗೆ ನರಿ ಬರುತ್ತಾನೆ. ಇನ್ನು ನಾಲ್ಕು ದಿನಕ್ಕೆ ಎಲ್ಲರೂ ನಡುಗಡ್ಡೆಗೆ ಹೋಗುತ್ತೇವೆ. ನಿನ್ನ ಗರಿ ನೋಡಿಕೊ," ಎಂದಳು.

ಗುಂಡಕ್ಕ ತನ್ನ ರೆಕ್ಕೆ ನೋಡಿಕೊಂಡಳು. ಅದು ಬಾತುಗಳ ರೆಕ್ಕೆಯ ಹಳೆ ಗರಿ ಉದುರಿ ಹೊಸದು ಹುಟ್ಟುವ ಕಾಲ. ಅಲ್ಲಿಯವರೆಗೆ ಯಾರಿಗೂ ಹಾರಲಾಗದು, ಈಜಿಯೇ ಹೋಗಬೇಕು. ಈ ಮೈಯಲ್ಲಿ ಅಷ್ಟು ದೂರ ಈಜುವುದೇ? ದಡದಲ್ಲೇ ಉಳಿದರೆ ನರಿಗೆ ಊಟ.

ಕೂತು ಗಂಟನ್ನು ಒತ್ತಿದಳು. ಒಂದು ಹನಿ ಬಂತು. ಜೋರಾಗಿ ಒತ್ತಿದಳು. ಬಾಲ ನೋಯಿತೇ ಹೊರತು ಎಣ್ಣೆ ಬರಲಿಲ್ಲ. ಅಳುತ್ತಾ ಕೂತಳು.

"ಅಯ್ಯೋ, ಅಷ್ಟಕ್ಕೆ ಅಳುತ್ತೀಯಾ?" ಎಂದಿತು ಕೊಂಬೆಯ ಮೇಲಿದ್ದ ಮಿಂಚುಳ್ಳಿ. ಅದಕ್ಕೆ ಊರ ಮನೆಗಳ ಸುದ್ದಿಯೆಲ್ಲ ಗೊತ್ತು, ಆದರೆ ಅರ್ಧಂಬರ್ಧ. "ಮನುಷ್ಯರನ್ನು ನೋಡು. ದೀಪಾವಳಿಯ ದಿನ ತಲೆಯಿಂದ ಕಾಲಿನವರೆಗೆ ಎಣ್ಣೆ ಸುರಿದುಕೊಂಡು ಸ್ನಾನ ಮಾಡುತ್ತಾರೆ. ಆಮೇಲೆ ವರ್ಷವಿಡೀ ಆರಾಮ! ಕೆರೆ ಏರಿಯ ಕೆಳಗೆ ಗಾಣವಿದೆ, ಅದರ ಹೊಂಡದಲ್ಲಿ ಹೊಂಗೆ ಎಣ್ಣೆ ನಿಂತಿದೆ. ಹೋಗಿ ಬಿದ್ದು ಹೊರಳು."

"ಒಂದೇ ಸಲಕ್ಕೆ ಮುಗಿಯುತ್ತಾ?"

"ಮತ್ತೆ? ಹಬ್ಬದ ಎಣ್ಣೆಸ್ನಾನ ಅಂದರೆ ಸುಮ್ಮನೆನಾ!"

ಗುಂಡಕ್ಕ ಹೋದಳು. ಹೊಂಡದಲ್ಲಿ ಹೊರಳಿದಳು. ಮೈಯೆಲ್ಲ ಮಿರಮಿರ. ಘಾಟು ವಾಸನೆಗೆ ಕಣ್ಣಲ್ಲಿ ನೀರು ಬಂದರೂ, ಒಂದು ತಿಂಗಳ ಬಾಕಿ ಒಂದೇ ಮುಳುಗಿಗೆ ತೀರಿತು ಎಂದು ಖುಷಿಯಾಯಿತು.

"ಏನೇ ಇದು ಗಬ್ಬುನಾತ?" ಎಂದಳು ನಂಜವ್ವ.

"ಎಣ್ಣೆಸ್ನಾನ ಅವ್ವಾ. ನೀವು ದಿನಾ ಕತ್ತು ತಿರುಚಿ ಮಾಡೋದನ್ನ ನಾನು ಒಂದೇ ಏಟಿಗೆ ಮುಗಿಸಿದೆ."

ನಂಜವ್ವ ಬಯ್ಯಲು ಬಾಯಿ ತೆರೆದಳು. ಅಷ್ಟರಲ್ಲಿ ಏರಿಯ ಮೇಲೆ ನರಿಯ ಕಿವಿ ಕಾಣಿಸಿತು. "ಈಗಲೇ ಹೊರಡಿ!" ಎಂದು ಯಾರೋ ಕೂಗಿದರು. ಇಪ್ಪತ್ತೂ ಬಾತುಗಳು ದಡಬಡ ನೀರಿಗಿಳಿದವು.

ಹತ್ತು ಮಾರು ಹೋಗುವುದರೊಳಗೆ ಗುಂಡಕ್ಕನಿಗೆ ಗೊತ್ತಾಯಿತು. ಹೊಂಗೆ ಎಣ್ಣೆ ಗರಿಗಳನ್ನೆಲ್ಲ ಗಂಟು ಗಂಟಾಗಿ ಅಂಟಿಸಿಬಿಟ್ಟಿತ್ತು. ಗರಿಗಳ ನಡುವೆ ಸಂದಾಗಿ, ಸಂದಿಗೆಲ್ಲ ನೀರು ನುಗ್ಗಿತು. ಮೊದಲು ಬಾಲ ಮುಳುಗಿತು, ಆಮೇಲೆ ಬೆನ್ನು. ಕತ್ತೊಂದು ಮೇಲಿತ್ತು.

"ಅವ್ವಾ, ಮುಳುಗ್ತಿದೀನಿ!"

ಮುಂದೆ ಹೋಗುತ್ತಿದ್ದವರಲ್ಲಿ ನಂಜವ್ವ ಒಬ್ಬಳೇ ತಿರುಗಿ ಬಂದಳು. ಎದೆ ಕೊಟ್ಟು ತಳ್ಳಿದಳು, ಬಯ್ದಳು, ಮತ್ತೆ ತಳ್ಳಿದಳು. ನೀರಿನಲ್ಲಿ ಅರ್ಧ ಮುಳುಗಿದ ಒಣ ಜಾಲಿ ಮರವೊಂದಿತ್ತು. ಅದರ ತಗ್ಗಿನ ಕೊಂಬೆಗೆ ಗುಂಡಕ್ಕನನ್ನು ಹತ್ತಿಸುವಷ್ಟರಲ್ಲಿ ಇಬ್ಬರ ಉಸಿರೂ ನಿಂತಂತಾಗಿತ್ತು.

ದಡದಲ್ಲಿ ನರಿ ಕೂತು ನೋಡುತ್ತಿದ್ದ.

"ಅವಸರವಿಲ್ಲ ತಾಯೀ," ಎಂದ. "ನೀರು ದಿನಾ ಇಳಿಯುತ್ತೆ. ಆ ಮರದವರೆಗೆ ನಡೆದು ಬರೋಕೆ ನನಗೆ ಇಪ್ಪತ್ತು ದಿನ ಸಾಕು."

ಗುಂಡಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಕೈಲಿ ಆಗಲ್ಲ ಅವ್ವಾ. ಸಾಕಾಗಿದೆ. ನಿಮಗೇನು, ನೀವು ಗಟ್ಟಿ. ದಿನಾ ಮಾಡೋ ಹುರುಪು ನಿಮಗಿದೆ."

"ಹುರುಪಾ?" ನಂಜವ್ವನಿಗೆ ನಗು ಬಂತು. "ನನಗೆ ಎಂಟು ವರ್ಷದಿಂದ ಕತ್ತು ನೋವು ಕಣೇ. ಒಂದು ದಿನವೂ ಹುರುಪಿನಿಂದ ಎದ್ದವಳಲ್ಲ. ಹುರುಪು ಬರಲಿ ಅಂತ ಕಾದಿದ್ದರೆ ಎಂದೋ ಮುಳುಗಿ ಹೋಗುತ್ತಿದ್ದೆ. ಬೇಜಾರಾಗುತ್ತೆ, ಗೊಣಗುತ್ತೇನೆ, ಗೊಣಗುತ್ತಲೇ ಸವರುತ್ತೇನೆ. ಅಷ್ಟೇ."

ಗುಂಡಕ್ಕ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. ಇಷ್ಟು ದಿನ ತಾನೊಬ್ಬಳೇ ದಣಿದವಳು ಎಂದುಕೊಂಡಿದ್ದಳು.

"ಇವತ್ತು ಎಷ್ಟು ಗರಿ ಮಾಡಲಿ?" ಎಂದು ಕೇಳಿದಳು.

"ಒಂದು ಹನಿಗೆ ಎಷ್ಟಾಗುತ್ತೋ ಅಷ್ಟು. ನಾಳೆಯದನ್ನು ಇವತ್ತು ಒತ್ತಬೇಡ, ಬರಲ್ಲ."

ಮೊದಲ ದಿನ ಐದು ಗರಿಗಳ ಅಂಟು ಬಿಡಿಸಿ ಎಣ್ಣೆ ಸವರಿದಳು. ಎರಡನೇ ದಿನ ಆರು. ಮೂರನೇ ದಿನ ಬಿಸಿಲಿಗೆ ತಲೆನೋವು ಬಂದು ಎರಡೇ ಆಯಿತು, ಆದರೆ ಆಯಿತು. ನಂಜವ್ವ ದಿನಾ ನಡುಗಡ್ಡೆಯಿಂದ ಬಸವನಹುಳು ಕಚ್ಚಿಕೊಂಡು ಬಂದು ಕೊಡುತ್ತಿದ್ದಳು. ನೀರು ದಿನಾ ಇಳಿಯುತ್ತಿತ್ತು. ನರಿಯ ಹೆಜ್ಜೆಗಳು ಕೆಸರಿನಲ್ಲಿ ದಿನಾ ಹತ್ತಿರವಾಗುತ್ತಿದ್ದವು. ಗುಂಡಕ್ಕನಿಗೆ ಭಯವಾಗುತ್ತಿತ್ತು, ಬೇಜಾರೂ ಆಗುತ್ತಿತ್ತು. ಗೊಣಗುತ್ತಲೇ ಸವರುತ್ತಿದ್ದಳು.

ಹತ್ತೊಂಬತ್ತನೇ ಬೆಳಿಗ್ಗೆ ನರಿ ಹೊಟ್ಟೆಯುದ್ದ ನೀರಿನಲ್ಲಿ ನಡೆದು ಬಂದೇಬಿಟ್ಟ. "ಒಂದು ದಿನ ಮೊದಲೇ ಬಂದೆ ತಾಯೀ!" ಎಂದು ಕೊಂಬೆಗೆ ಬಾಯಿ ಹಾಕಿದ.

ಗುಂಡಕ್ಕ ಕಣ್ಣು ಮುಚ್ಚಿ ಆಚೆ ಬದಿಯ ಆಳದ ನೀರಿಗೆ ಧುಮುಕಿದಳು. ಮುಳುಗಲಿಲ್ಲ! ನೀರು ಬೆನ್ನಿನ ಮೇಲೆ ಹನಿ ಹನಿಯಾಗಿ ಉರುಳಿ ಹೋಯಿತು. ಕಾಲು ಸೋತು ಹೋದರೂ ನಿಲ್ಲಿಸದೆ ತುಳಿದಳು. ನರಿ ಆಳಕ್ಕೆ ಸಿಕ್ಕಿ, ಎರಡು ಗುಟುಕು ನೀರು ಕುಡಿದು, ಕೆಮ್ಮುತ್ತಾ ಹಿಂದೆ ಹೋದ.

ನಡುಗಡ್ಡೆಯ ಹುಲ್ಲಿನ ಮೇಲೆ ಗುಂಡಕ್ಕ ಕುಸಿದು ಕೂತಳು. ಬಾತುಗಳೆಲ್ಲ ಸುತ್ತ ನೆರೆದು ಕ್ವ್ಯಾಕ್ ಕ್ವ್ಯಾಕ್ ಎಂದು ಗಲಾಟೆ ಎಬ್ಬಿಸಿದವು. ಗಲಾಟೆ ಮುಗಿದು ಎಲ್ಲರೂ ಹೋದ ಮೇಲೆ ನಂಜವ್ವ ಬಂದು ಪಕ್ಕದಲ್ಲಿ ಕೂತಳು.

"ತುಂಬಾ ಸುಸ್ತಾಗಿದೆ ಅವ್ವಾ," ಎಂದಳು ಗುಂಡಕ್ಕ.

"ನನಗೂ," ಎಂದಳು ನಂಜವ್ವ.

ಇಬ್ಬರೂ ಕತ್ತು ತಿರುಗಿಸಿ, ತಮ್ಮ ತಮ್ಮ ಬಾಲದ ಬುಡದಿಂದ ಆ ದಿನದ ಹನಿಯನ್ನು ತೆಗೆದುಕೊಂಡರು.

ನೀತಿ: ಹುರುಪು ಬರಲೆಂದು ಕಾಯಬೇಡಿ. ದಣಿದ ದಿನವೂ ಬಿಡದೆ ಮಾಡಿದ ಚಿಕ್ಕ ಕೆಲಸ ಕಾಪಾಡುವಷ್ಟು, ಒಂದೇ ದಿನ ಮಾಡಿದ ದೊಡ್ಡ ಆರ್ಭಟ ಕಾಪಾಡುವುದಿಲ್ಲ.